ಇಬ್ಬರು ಮಾತುಗಾರರ ನಡುವೆ ಒಬ್ಬ ಮಿತಭಾಷಿ

ಮಾರಾಟ ವಿಭಾಗದವರನ್ನು ಕೇಳಿದರೆ, ಜಗತ್ತಿನಲ್ಲಿ ಯಾವ ಗ್ರಾಹಕನೂ ಬೇಡ ಎಂದವನಲ್ಲ. ಅವನು ಯೋಚಿಸುತ್ತಿದ್ದಾನೆ, ಬಜೆಟ್‌ಗೆ ಕಾಯುತ್ತಿದ್ದಾನೆ, ಮುಂದಿನ ವಾರ ಮಾತಾಡೋಣ ಅಂದಿದ್ದಾನೆ. ಆ ಮುಂದಿನ ವಾರ ಯಾವ ಪಂಚಾಂಗದಲ್ಲೂ ಬರುವುದಿಲ್ಲ. ಇಷ್ಟೊಂದು ಭರವಸೆಯನ್ನು ಎಲ್ಲಾದರೂ ಬರೆದಿಡಬೇಕಲ್ಲ, ಅದಕ್ಕಾಗಿಯೇ ಸಿಆರ್‌ಎಂ ಇದೆ: ಗ್ರಾಹಕನ ಹೆಸರು, ಫೋನು, ಆಡಿದ ಮಾತು, ವ್ಯವಹಾರ ಎಲ್ಲಿಯವರೆಗೆ ಬಂತು ಎಂಬುದನ್ನೆಲ್ಲ ದಾಖಲಿಸುವ ತಂತ್ರಾಂಶ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಪಾರ್ಟ್‌ಮೆಂಟಿನಲ್ಲಿ ಶುರುವಾದ ಸೇಲ್ಸ್‌ಫೋರ್ಸ್ ಈ ಜಾತಿಯಲ್ಲಿ ಹೆಸರುವಾಸಿ. ಅದರಲ್ಲಿ ಸಿದ್ಧವಾಗಿಯೇ ಬರುವ ಹಂತಗಳನ್ನು ನೋಡಿ. ಪ್ರಾಸ್ಪೆಕ್ಟಿಂಗ್ ಎಂದರೆ ಗೆಲ್ಲುವ ಸಾಧ್ಯತೆ ಶೇ. 10, ನೆಗೋಸಿಯೇಷನ್ ಎಂದರೆ ಶೇ. 90. ಗ್ರಾಹಕ ‘ಸ್ವಲ್ಪ ಕಡಿಮೆ ಮಾಡ್ಕೊಡಿ’ ಎಂದು ಬಾಯಿಬಿಟ್ಟರೆ ಸಾಕು, ಅವನು ಶೇ. 90 ನಮ್ಮವನು. ತ್ರೈಮಾಸಿಕದ ಕೊನೆಯ ಸಂಜೆ ತುಂಬುವ ಈ ದಾಖಲೆಗಳಿಗೂ, ಪರೀಕ್ಷೆಯ ಹಿಂದಿನ ರಾತ್ರಿ ಬರೆದು ಮುಗಿಸಿದ ಫಿಸಿಕ್ಸ್ ರೆಕಾರ್ಡ್ ಬುಕ್ಕಿಗೂ ರಕ್ತಸಂಬಂಧ. ರೀಡಿಂಗ್‌ಗಳೆಲ್ಲ ಸರಿಯಾಗಿರುತ್ತವೆ, ಪ್ರಯೋಗ ಮಾತ್ರ ನಡೆದಿರುವುದಿಲ್ಲ.

ಈಗ ಇದೇ ದಾಖಲೆಗೆ ಎಐ ಏಜೆಂಟನ್ನು ಜೋಡಿಸುವ ಸಂಭ್ರಮ ನಡೆದಿದೆ. ಅದೇ ಹುಡುಕುತ್ತದೆ, ಅದೇ ಬರೆಯುತ್ತದೆ, ಯಾರಿಗೆ ಫೋನ್ ಮಾಡಬೇಕೆಂದು ಬೆಳಿಗ್ಗೆಯೇ ಪಟ್ಟಿ ಕೊಡುತ್ತದೆ. ಒಳ್ಳೆಯದೇ. ಆದರೆ ಏಜೆಂಟಿನ ಸ್ವಭಾವವನ್ನೂ ಒಮ್ಮೆ ನೋಡಬೇಕು. ಏನು ಕೇಳಿದರೂ ಮೊದಲು ‘ಖಂಡಿತ’ ಅನ್ನುತ್ತದೆ, ನಮ್ಮ ಪ್ರಶ್ನೆಯನ್ನು ಹೊಗಳುತ್ತದೆ, ಕೆಲಸ ಅರ್ಧಕ್ಕೆ ನಿಂತಿದ್ದರೂ ‘ಯಶಸ್ವಿಯಾಗಿ ಮುಗಿಸಿದ್ದೇನೆ’ ಎನ್ನುವ ಚಪಲ ಅದಕ್ಕಿದೆ. ಒಟ್ಟಿನಲ್ಲಿ ಹುಟ್ಟು ಸೇಲ್ಸ್‌ಮ್ಯಾನ್. ಒಬ್ಬ ಆಶಾವಾದಿ ಬರೆದಿಟ್ಟದ್ದನ್ನು ಇನ್ನೊಬ್ಬ ಆಶಾವಾದಿ ಓದಿ ಹೇಳಿದರೆ ವರದಿ ಹೇಗಿರುತ್ತದೆ ಎಂದು ಊಹಿಸಲು ಗಣಿತ ಬೇಕಿಲ್ಲ. ಇವರಿಬ್ಬರ ನಡುವೆ ಮುಲಾಜಿಲ್ಲದ ಮಿತಭಾಷಿಯೊಬ್ಬ ಕೂರಬೇಕು, ಆ ಜಾಗಕ್ಕೆ ಕಮಾಂಡ್ ಲೈನ್‌ಗಿಂತ ಯೋಗ್ಯ ಅಭ್ಯರ್ಥಿ ಇಲ್ಲ ಎಂಬುದು ನನ್ನ ವಾದ. ಹೌದು, ಆಜ್ಞೆಗಳನ್ನು ಟೈಪ್ ಮಾಡುವ ಅದೇ ಕಪ್ಪು ಪರದೆ. ಸಿನಿಮಾದಲ್ಲಿ ಹ್ಯಾಕರ್‌ಗಳು ಮಾತ್ರ ಬಳಸುವಂಥದ್ದು ಎಂದು ಸೇಲ್ಸ್ ವಿಭಾಗ ನಂಬಿರುವ ಕಪ್ಪು ಪರದೆ.

ಈ ಪರದೆಯ ಸಂಸ್ಕಾರ ಹಳೆಯದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅವರ ಸಹೋದ್ಯೋಗಿ ಡಗ್ ಮೆಕಿಲ್ರಾಯ್ ಹಟ ಹಿಡಿದು ಕೇಳಿದ್ದರಿಂದ 1973ರಲ್ಲಿ ಅದಕ್ಕೆ ಪೈಪ್ ಬಂತು, ಒಂದು ಉಪಕರಣ ಉಗುಳಿದ ಅಕ್ಷರಗಳನ್ನು ಇನ್ನೊಂದು ನುಂಗುವ ಏರ್ಪಾಡು. ಒಂದೊಂದು ಉಪಕರಣವೂ ಒಂದೊಂದೇ ಕೆಲಸ ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು. ಇದಕ್ಕಿಂತಲೂ ಹೆಚ್ಚು ನನಗೆ ಹಿಡಿಸುವ ಶಿಸ್ತು ಇನ್ನೊಂದಿದೆ: ಕೆಲಸ ಆದರೆ ಬಾಯಿಬಿಡಬಾರದು. ಫೈಲನ್ನು ನಕಲು ಮಾಡು ಎಂದರೆ ಮಾಡಿ ಸುಮ್ಮನಾಗುತ್ತದೆ. ಅಭಿನಂದನೆಯಿಲ್ಲ, ಬಣ್ಣದ ಕಾಗದದ ಚೂರು ಹಾರಿಸುವುದಿಲ್ಲ. ಒಳಗಿಂದ ಒಂದು ಅಂಕಿ ಮಾತ್ರ ಕೊಡುತ್ತದೆ. ಸೊನ್ನೆ ಎಂದರೆ ಆಯಿತು, ಬೇರೇನು ಬಂದರೂ ಆಗಲಿಲ್ಲ. ಪದ ಹುಡುಕುವ ಗ್ರೆಪ್ ಇನ್ನೂ ಒಂದು ಹೆಜ್ಜೆ ಮುಂದೆ. ಸಿಕ್ಕರೆ 0, ಹುಡುಕಿಯೂ ಸಿಗದಿದ್ದರೆ 1, ಹುಡುಕಲಿಕ್ಕೇ ಆಗದಿದ್ದರೆ 2. ಕೊನೆಯ ಎರಡರ ನಡುವಿನ ವ್ಯತ್ಯಾಸವನ್ನು ಮಾರಾಟ ಜಗತ್ತು ಇದುವರೆಗೆ ಒಪ್ಪಿಲ್ಲ. ‘ಗ್ರಾಹಕರು ಸಿಗಲಿಲ್ಲ ಸರ್’ ಎಂಬ ವರದಿ 1ನೇ ನಂಬರಿನದೋ, ಫೋನನ್ನೇ ಮಾಡದ 2ನೇ ನಂಬರಿನದೋ ಎಂದು ಪತ್ತೆಹಚ್ಚುವುದರಲ್ಲೇ ಎಷ್ಟೋ ಮ್ಯಾನೇಜರುಗಳ ಕೂದಲು ನೆರೆತಿದೆ. ಏಜೆಂಟಿಗೂ ಇದೇ ಕಾಯಿಲೆ. ಲಾಗಿನ್ ಅವಧಿ ಮುಗಿದು ಬಾಗಿಲು ತೆರೆಯದಿದ್ದರೆ ‘ಅಂಥ ಗ್ರಾಹಕರು ಯಾರೂ ಇಲ್ಲ’ ಎಂದು ನಯವಾಗಿ ಹೇಳಿಬಿಡಬಲ್ಲದು. ಕಮಾಂಡ್ ಬಿಟ್ಟುಹೋದ ಅಂಕಿಗೆ ಆ ನಯ ಗೊತ್ತಿಲ್ಲ. (ಪೈಪಿನಲ್ಲಿ ಸಾಲಾಗಿ ಜೋಡಿಸಿದಾಗ ಕೊನೆಯವನ ಅಂಕಿಯೇ ಎಲ್ಲರ ಅಂಕಿಯಾಗಿ, ಮೊದಲನೆಯವನ ಸೋಲು ಮುಚ್ಚಿಹೋಗುವುದುಂಟು. ಆಫೀಸುಗಳ ಪರಿಚಯ ಇರುವವರಿಗೆ ಇದು ಹೊಸದಲ್ಲ. ಪೈಪ್‌ಫೇಲ್ ಎಂಬ ಸೂಚನೆ ಹಾಕಿದರೆ ಸರಿಹೋಗುತ್ತದೆ, ಪೈಪಿನಲ್ಲಿ.)

ಅಂದವಾದ ಪರದೆ, ಗುಂಡಿಗಳು ಇರುವಾಗ ಈ ವೈರಾಗ್ಯ ಯಾಕೆ ಎಂದು ಕೇಳಬಹುದು. ಏಜೆಂಟು ಪರದೆಯ ಚಿತ್ರ ನೋಡಿ ಗುಂಡಿ ಒತ್ತಬಲ್ಲದು, ನಿಜ. ಆದರೆ ಮುಂದಿನ ಅಪ್‌ಡೇಟಿನಲ್ಲಿ ಗುಂಡಿ ಬಲದಿಂದ ಎಡಕ್ಕೆ ಹೋದರೆ ಅದು ತಬ್ಬಿಬ್ಬಾಗುತ್ತದೆ. ಈ ವಿಷಯದಲ್ಲಿ ಅದು ಪೂರ್ತಿ ಮನುಷ್ಯ. ಬರಹವಾದರೆ ಅದಕ್ಕೆ ತವರುಮನೆ, ದಶಕಗಳ ಕಮಾಂಡುಗಳನ್ನು ಓದಿಕೊಂಡೇ ಬೆಳೆದಿದೆ. ಸೇಲ್ಸ್‌ಫೋರ್ಸ್‌ನ ಸ್ವಂತ ಕಮಾಂಡ್ ಲೈನ್ ಉಪಕರಣಕ್ಕೆ ಎರಡೇ ಅಕ್ಷರದ ಹೆಸರು, ಎಸ್‌ಎಫ್. ಪ್ರಶ್ನೆ ಬರೆದು, ಜೇಸನ್ ಎಂಬ ಬರೀ ಅಕ್ಷರಗಳ ರೂಪದಲ್ಲಿ ಕೊಡು ಎಂದರೆ ಅಲಂಕಾರ ಕಳಚಿ ಕೊಡುತ್ತದೆ. ಇನ್ನು ಕೆಲವರು, 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ, ಏಜೆಂಟನ್ನು ಉಪಕರಣಗಳಿಗೆ ಜೋಡಿಸುವ ಎಂಸಿಪಿ ಎಂಬ ನಿಯಮಾವಳಿಯೇ ಇದಕ್ಕಾಗಿ ಇದೆಯಲ್ಲ ಅನ್ನುತ್ತಾರೆ. ಇದೆ, ಲಾಗಿನ್ ಮತ್ತು ಅನುಮತಿಗಳನ್ನು ಅಚ್ಚುಕಟ್ಟಾಗಿ ನಿಭಾಯಿಸಬೇಕಾದ ಕಡೆ ಅದೇ ವಾಸಿಯೂ ಇರಬಹುದು. ಆದರೆ ಸಾಮಾನ್ಯವಾಗಿ ಅಲ್ಲಿ ಪ್ರತಿ ಉಪಕರಣವೂ ತನ್ನ ಪರಿಚಯ ಭಾಷಣವನ್ನು ಮೊದಲೇ ಮಾಡಿ ಏಜೆಂಟಿನ ನೆನಪನ್ನು ತುಂಬಿಸುತ್ತದೆ. ಕಮಾಂಡ್ ಲೈನ್ ಉಪಕರಣ, ಹೆಲ್ಪ್ ಎಂದು ಕೇಳಿದಾಗ ಮಾತ್ರ ತನ್ನ ಬಗ್ಗೆ ಹೇಳಿಕೊಳ್ಳುತ್ತದೆ. ಸಭೆಗಳಿಗೆ ಹೋಗಿ ಅಭ್ಯಾಸವಿದ್ದವರು ಯಾವುದನ್ನು ಆರಿಸುತ್ತಾರೋ ಅವರಿಗೇ ಬಿಟ್ಟಿದ್ದು.

ತೂಕದ ಆಕ್ಷೇಪ ಬೇರೆ ಇದೆ. ಈ ಮಿತಭಾಷಿ ಆಜ್ಞಾಧಾರಕನೂ ಹೌದು, ಅಳಿಸು ಎಂದರೆ ಅಳಿಸಿಯೇಬಿಡುತ್ತಾನೆ. 2025ರ ಜುಲೈನಲ್ಲಿ ಅಮೆರಿಕದ ಹೂಡಿಕೆದಾರರೊಬ್ಬರು ಕೋಡ್ ಬರೆಯುವ ಏಜೆಂಟ್ ಒಂದಕ್ಕೆ ‘ಏನನ್ನೂ ಬದಲಿಸಬೇಡ’ ಎಂದು ಅಪ್ಪಣೆ ಕೊಟ್ಟಿದ್ದರು. ಅದು ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು, ಇನ್ನು ವಾಪಸ್ ಬರುವುದಿಲ್ಲ ಎಂದೂ ಹೇಳಿತು. ವಾಪಸ್ ಬಂತು. ಬುದ್ಧಿಮಾತು ಬೀಗವಲ್ಲ, ಅಷ್ಟೇ. ಏಜೆಂಟಿಗೆ ಮ್ಯಾನೇಜರ್ ಸಾಹೇಬರ ಪಾಸ್‌ವರ್ಡ್ ಕೊಟ್ಟು ‘ಹುಷಾರು ಮರಿ’ ಅನ್ನುವುದಕ್ಕಿಂತ, ಅದರ ಹೆಸರಿನಲ್ಲೇ ಒಂದು ಖಾತೆ ತೆರೆದು, ಓದುವ ಅಧಿಕಾರವನ್ನಷ್ಟೇ ಕೊಟ್ಟು, ನಾಲ್ಕೈದು ಕಮಾಂಡುಗಳನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಕು. ಬರೆಯುವ ಕಮಾಂಡಾದರೆ ಮೊದಲು ಏನನ್ನೂ ಬದಲಿಸದ ತಾಲೀಮು, ಅಂದರೆ ಡ್ರೈ ರನ್, ಆಮೇಲೆ ಒಬ್ಬ ಮನುಷ್ಯನ ಹೂಂ. ಸೇಲ್ಸ್‌ಫೋರ್ಸ್‌ನ ಕಸದ ಬುಟ್ಟಿ ಅಳಿಸಿದ್ದನ್ನು 15 ದಿನ ಇಟ್ಟುಕೊಳ್ಳುತ್ತದೆ ಎಂಬ ಧೈರ್ಯದ ಮೇಲೆ ಸಂಸಾರ ನಡೆಸಬಾರದು.

ಕಮಾಂಡ್ ಲೈನ್ ಗುಣಪಡಿಸದ ರೋಗವೂ ಒಂದಿದೆ, ಅದನ್ನು ಮುಚ್ಚಿಟ್ಟರೆ ನಾನೂ ಸೇಲ್ಸ್‌ಗೆ ಸೇರಿದಂತೆ. ಸಿಆರ್‌ಎಂನಲ್ಲಿ ನಾವು ಮಾತ್ರ ಬರೆಯುವುದಿಲ್ಲ. ಕಂಪನಿಯ ಜಾಲತಾಣದ ಅರ್ಜಿ ತುಂಬಿದ ಅಪರಿಚಿತರೂ ಬರೆಯುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಸಂಶೋಧಕರು ಸೇಲ್ಸ್‌ಫೋರ್ಸ್‌ನ ಏಜೆಂಟಿನ ಮೇಲೆ ಇದರ ಅಪಾಯವನ್ನು ತೋರಿಸಿದರು. ಅಂಥ ಅರ್ಜಿಯ ವಿವರಣೆಯ ಖಾನೆಯಲ್ಲಿ 42,000 ಅಕ್ಷರ ಹಿಡಿಯುತ್ತದೆ. ಅಲ್ಲಿ ವಿಚಾರಣೆಯ ಬದಲು ಏಜೆಂಟಿಗೇ ಆದೇಶ ಬರೆದಿಟ್ಟರು. ಏಜೆಂಟು ಓದಿತು, ಗ್ರಾಹಕರ ಮಾಹಿತಿಯನ್ನು ಹೊರಗೆ ಕಳಿಸಿತು. ಕಳಿಸಿದ್ದು ಕಂಪನಿಯೇ ನಂಬಿಕಸ್ಥ ಎಂದು ಗುರುತಿಸಿಟ್ಟಿದ್ದ, ಅವಧಿ ಮುಗಿದಿದ್ದರಿಂದ ಸಂಶೋಧಕರು 5 ಡಾಲರಿಗೆ ಕೊಂಡಿದ್ದ ಜಾಲವಿಳಾಸಕ್ಕೆ. ಆ ತೂತನ್ನು ಕಂಪನಿ ಮುಚ್ಚಿತು. ಆದರೆ ಓದಿದ್ದನ್ನೆಲ್ಲ ಅಪ್ಪಣೆ ಎಂದುಕೊಳ್ಳುವ ಗುಣಕ್ಕೆ ಪ್ಯಾಚ್ ಇಲ್ಲ. ಹಾಗಾಗಿ ಅಪರಿಚಿತರ ಬರಹವನ್ನು ಓದುವ ಏಜೆಂಟಿನ ಕೈಗೆ ಹೊರಗೆ ಕಳಿಸುವ ಕಮಾಂಡನ್ನು ಕೊಡಲೇಬಾರದು. ಸಣ್ಣ ಸಣ್ಣ ಉಪಕರಣಗಳಿದ್ದರೆ ಕೊಡದೆ ಇರುವುದಾದರೂ ಸುಲಭ.

ಕೊನೆಗೆ ಮ್ಯಾನೇಜರರ ತಕರಾರು, ಇದರಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ. ನೆಗೋಸಿಯೇಷನ್ ಹಂತದಲ್ಲಿದ್ದು ಅರವತ್ತು ದಿನದಿಂದ ಯಾರೂ ಮಾತಾಡಿಸದ ಗ್ರಾಹಕರೆಷ್ಟು ಎಂದು ಒಂದು ಸಾಲಿನ ಪ್ರಶ್ನೆ ಹಾಕಿದರೆ, ಶೇ. 90ರವರೆಲ್ಲ ಪಟ್ಟಿಯಲ್ಲಿ ಬಂದು ಸಾಲಾಗಿ ನಿಲ್ಲುತ್ತಾರೆ. ‘ಹೀಗಾದರೆ ಸೋಮವಾರದ ಮೀಟಿಂಗಿನಲ್ಲಿ ನಾನೇನು ತೋರಿಸಲಿ?’ ತೋರಿಸಲು ಮಾರ್ಗವಿದೆ, ನಮ್ಮವರು ಕಂಡುಕೊಂಡೇ ಕಂಡುಕೊಳ್ಳುತ್ತಾರೆ. ಬರೆಯುವ ಅಧಿಕಾರವನ್ನೂ ಪಡೆದು, ಇವರೆಲ್ಲರ ಹೆಸರಿನಲ್ಲಿ ‘ಫೋನ್ ಮಾಡಲಾಯಿತು, ಆಸಕ್ತಿ ಇದೆ’ ಎಂದು ದಾಖಲಿಸಲು ಏಜೆಂಟಿಗೇ ಹೇಳುತ್ತಾರೆ. ಅದು ‘ಖಂಡಿತ’ ಅನ್ನುತ್ತದೆ. ಕಮಾಂಡ್ ಲೈನ್ ಚಕಾರವೆತ್ತದೆ ಸೊನ್ನೆ ಕೊಡುತ್ತದೆ. ಬರೆದದ್ದು ನಿಜವೇ ಎಂದು ಕೇಳುವುದು ಅದರ ಕೆಲಸವಲ್ಲ. ಆದರೆ ಯಾವ ಸಾಲನ್ನು ಯಾವ ಖಾತೆಯಿಂದ ಎಷ್ಟು ಹೊತ್ತಿಗೆ ಸೇರಿಸಲಾಯಿತು ಎಂಬುದು ಲಾಗ್‌ನಲ್ಲಿ ಉಳಿದಿರುತ್ತದೆ. ರಾತ್ರಿ ಹನ್ನೊಂದೂ ಐವತ್ತೆಂಟಕ್ಕೆ, ಒಂದೇ ನಿಮಿಷದಲ್ಲಿ, ನಲವತ್ತು ಗ್ರಾಹಕರ ಜೊತೆ ಸುದೀರ್ಘವಾಗಿ ಮಾತಾಡಿ ಎಲ್ಲರಲ್ಲೂ ಆಸಕ್ತಿ ಹುಟ್ಟಿಸಿದ ಪ್ರತಿನಿಧಿಗೆ ಆ ತ್ರೈಮಾಸಿಕದ ಬಹುಮಾನ ಕೊಡದಿರಲು ಮ್ಯಾನೇಜರಿಗೆ ಒಳ್ಳೆಯ ಕಾರಣವೇ ಬೇಕಾಗುತ್ತದೆ.