ಮೈಮೇಲೆ ಎದ್ದವರು

ಐವತ್ತು ದಾಟಿದ ಗಂಡಸಿನ ಮೂಗಿನ ತುದಿಗೆ ಮೊಡವೆ ಏಳುವುದು ಪ್ರಕೃತಿಗೆ ವಿರುದ್ಧವಲ್ಲದಿರಬಹುದು, ಮರ್ಯಾದೆಗಂತೂ ವಿರುದ್ಧ. ಹರೆಯದಲ್ಲಿ ಎದ್ದರೆ ಜನ ನಕ್ಕು ಸುಮ್ಮನಾಗುತ್ತಾರೆ. ತಲೆ ನೆರೆತ ಮೇಲೆ ಎದ್ದರೆ ವಿಚಾರಣೆ ಶುರುವಾಗುತ್ತದೆ. ನನಗೆ ಅದು ಎದ್ದದ್ದು ಮಮದಾಪುರದ ನೆಂಟರ ಮನೆಯಲ್ಲಿ, ಕುಬಸದ ಹಿಂದಿನ ರಾತ್ರಿ.

ಮಮದಾಪುರ ಗೊತ್ತಲ್ಲ? ಬಬಲೇಶ್ವರ ತಾಲ್ಲೂಕಿನ ಊರು. 1627ರಿಂದ 1656ರವರೆಗೆ ಆಳಿ, ಈಗ ಗೋಳಗುಮ್ಮಟದ ಕೆಳಗೆ ಮಲಗಿರುವ ಮಹಮ್ಮದ್ ಆದಿಲ್‌ಶಾಹ ಕೆರೆ ಕಟ್ಟಿಸಿದ ಊರು. ದೊಡ್ಡದೊಂದು, ಸಣ್ಣದೊಂದು, ಎರಡು ಕೆರೆ. ಬೆಳಿಗ್ಗೆ ಎದ್ದು ಕೆರೆ ನೋಡಿ ಬರೋಣ ಎಂದು ಹೊರಟೆ. ಕಟ್ಟೆಯ ಮೇಲೆ ಕೂತವರು ನನ್ನ ಮೂಗು ನೋಡಿದರು. ಕೆರೆಯ ಮಾತು ಅಲ್ಲಿಗೇ ನಿಂತಿತು.

"ಯಾಕ ಅಳಿಯಾ, ಕುರ ಎದ್ದಾದೇನು?" ಎಂದರು ಮಾವ.

"ಕುರ ಅಲ್ರೀ ಅದು, ಗುಳ್ಳಿ. ಉಷ್ಣದ್ದು. ರಾತ್ರಿ ಏನ್ ಉಂಡೀರಿ?" ಎಂದ ಪಕ್ಕದವ.

ಅಷ್ಟರಲ್ಲಿ ಒಳಗಿನಿಂದ ಆಯಿ ಬಂದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣು ಸಣ್ಣ ಮಾಡಿ ನೋಡಿ, ತೀರ್ಪು ಕೊಟ್ಟಳು: "ಮೊಡವಿ ಅದು. ಯಾವಕಿನೋ ಇವನ ಮ್ಯಾಲ ಮನಸ ಮಾಡ್ಯಾಳ."

ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. ಮೊಡವೆ ಆಮೇಲೆ ಒಣಗಿ ಉದುರಿತು, ಆ ಮಾತು ಇನ್ನೂ ಉದುರಿಲ್ಲ.

ಒಂದೇ ಗುಳ್ಳೆಗೆ ಮೂರು ಹೆಸರು ಬಂತೆಂದು ಮೂರೂ ಒಂದೇ ಎಂದುಕೊಳ್ಳಬೇಡಿ. ನಮ್ಮ ಕಡೆ ಇದರಲ್ಲಿ ಕಟ್ಟುನಿಟ್ಟಾದ ಅಂತಸ್ತುಗಳಿವೆ. ಗುಳ್ಳಿ ಸಾಮಾನ್ಯ ಪ್ರಜೆ. ಸೊಳ್ಳೆ ಕಚ್ಚಿದರೂ ಗುಳ್ಳಿ, ಬೆವರಿಗೆ ಎದ್ದರೂ ಗುಳ್ಳಿ. ಕುರ ಎನ್ನಿಸಿಕೊಳ್ಳಬೇಕಾದರೆ ಅರ್ಹತೆ ಬೇಕು: ಬಾಯಬೇಕು, ಕೆಂಪಾಗಬೇಕು, ಮುಖ ಮಾಡಬೇಕು, ರಾತ್ರಿ ನಿದ್ದೆ ಕೆಡಿಸಬೇಕು. ಅದಕ್ಕೇ ಜಗಳದಲ್ಲಿ "ನಿನಗ ಕುರ ಏಳ್ಲಿ" ಎನ್ನುತ್ತಾರೆ. "ನಿನಗ ಮೊಡವಿ ಏಳ್ಲಿ" ಎಂದು ಯಾರೂ ಶಪಿಸಿದ್ದು ನಾನು ಕೇಳಿಲ್ಲ. ಅದು ಶಾಪವೋ ಆಶೀರ್ವಾದವೋ ಎಂದು ಎದುರಿನವರಿಗೆ ಗೊಂದಲವಾದೀತು.

ಹೆಸರಿನ ಗೊಂದಲ ಎಂದಾಗ ಗೊಬ್ಬರ ನೆನಪಾಯಿತು. ದಡಾರಕ್ಕೆ ನಮ್ಮಲ್ಲಿ ಗೊಬ್ಬರ ಎನ್ನುತ್ತಾರೆ. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ವೈದ್ಯರೊಬ್ಬರ ಮುಂದೆ ತಾಯಿಯೊಬ್ಬಳು ಮಗುವನ್ನು ಕೂರಿಸಿ, "ಕೂಸಿಗಿ ಗೊಬ್ಬರ ಎದ್ದಾವ್ರಿ" ಎಂದಳಂತೆ. ಡಾಕ್ಟರು ಮಗುವಿನ ಕೈಕಾಲು ನೋಡಿ, "ಹೊಲದಲ್ಲಿ ಯಾಕಮ್ಮ ಆಡೋಕೆ ಬಿಟ್ಟೆ? ಸೋಪು ಹಾಕಿ ತೊಳಿ" ಎಂದರಂತೆ. ಕಥೆ ಹೇಳಿದವರು ಸ್ವಲ್ಪ ಒಗ್ಗರಣೆ ಹಾಕಿರಬಹುದು. ಆದರೆ ಲಸಿಕೆಯ ಗೋಡೆಬರಹಗಳಲ್ಲಿ ದಡಾರದ ಪಕ್ಕ ಗೊಬ್ಬರವನ್ನೂ ಬರೆಯುತ್ತಾರೆ ಎಂದರೆ, ಇಂಥದ್ದು ಎಲ್ಲೋ ನಡೆದೇ ಇರಬೇಕು.

ಒಂದು ವಿಚಿತ್ರ ಗಮನಿಸಿ. ರೋಗ ಸಣ್ಣದಿದ್ದಷ್ಟೂ ನಮ್ಮವರ ಬಾಯಿ ಸಡಿಲ. ದೊಡ್ಡದಾದಂತೆ ಮಾತಿಗೆ ವಿನಯ ಬರುತ್ತದೆ. ಸಿಡುಬನ್ನು ಆಯಿ ಒಂದು ದಿನವೂ ಸಿಡುಬು ಎಂದವಳಲ್ಲ. ದೇವಿ ಎನ್ನುತ್ತಿದ್ದಳು. "ಆಕಿಗಿ ತಾಯಿ ಬಂದಿದ್ಳು" ಎನ್ನುವಾಗ ದನಿಯನ್ನೂ ತಗ್ಗಿಸುತ್ತಿದ್ದಳು. ತಾಯಿ ಬಂದ ಮನೆಯ ಬಾಗಿಲಿಗೆ ಬೇವಿನ ತಪ್ಪಲ ಸಿಗಿಸುವುದು, ಒಲೆಯ ಮೇಲೆ ಒಗ್ಗರಣೆ ಚುರುಗುಡದಂತೆ ನೋಡಿಕೊಳ್ಳುವುದು, ಹೊರಗಿನಿಂದ ಬಂದವರನ್ನು ಒಳಗೆ ಬಿಡದಿರುವುದು, ಹೀಗೆ ಒಬ್ಬ ಅತಿಥಿಗೆ ಮಾಡಬೇಕಾದ ಎಲ್ಲ ಉಪಚಾರ ಅದಕ್ಕೆ. ಮರಾಠಿಯಲ್ಲೂ ಅದು ದೇವಿಯೇ. 1956ರವರೆಗೆ ನಾವು ಮುಂಬಯಿ ರಾಜ್ಯದವರಲ್ಲವೆ, ಕಾಗದಪತ್ರದ ಜೊತೆ ದೇವಿಯನ್ನೂ ಹಂಚಿಕೊಂಡಿದ್ದೆವು. ಇನ್ನು ಚಿಕನ್‌ಪಾಕ್ಸ್‌ಗಿರುವ ಸೀತಾಳೆ ಎನ್ನುವ ಹೆಸರು ಶೀತಲಾದೇವಿಯದು. ಮೈಯೆಲ್ಲ ಉರಿಸುವವಳನ್ನು 'ತಣ್ಣನೆಯವಳೇ' ಎಂದು ಕರೆದು ಪುಸಲಾಯಿಸುವ ಜಾಣತನ.

ಇದಕ್ಕಿಂತ ಸೊಗಸೆಂದರೆ ಲಸಿಕೆಯ ಹೆಸರು. ಅದು 'ದೇವಿ ಹಾಕುವುದು'. ಊರಿಗೆ ಬರುತ್ತಿದ್ದವನು 'ದೇವಿ ಹಾಕುವವನು'. ರೋಗ ಬಂದರೂ ದೇವಿ, ಬರದ ಹಾಗೆ ಚುಚ್ಚಿದರೂ ದೇವಿ! ಆಯಿಯ ತೋಳಿನಲ್ಲಿ ಆ ಗುರುತು ಇತ್ತು, ಹಸಿ ರೊಟ್ಟಿಯ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಒಂದು ತಗ್ಗು, ಸುತ್ತ ನೆರಿಗೆ. ಚಿಕ್ಕಂದಿನಲ್ಲಿ ನಾವು ಅದರೊಳಗೆ ಬೆರಳಿಟ್ಟು ಆಡುತ್ತಿದ್ದೆವು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ, ಆ ರೋಗ ಭೂಮಿಯ ಮೇಲೇ ಇಲ್ಲವೆಂದು ಸಾರಿತು. ಆಯಿಗೆ ಅದನ್ನು ಹೇಳಿದರೆ, "ಹಂಗ ಅನಬ್ಯಾಡೋ ತಮ್ಮಾ, ಸಿಟ್ಟಿಗೇಳ್ತಾಳ" ಎಂದು ಕೆನ್ನೆ ಬಡಿದುಕೊಂಡಳು.

ದೇವಿಯ ಭಯ ಹೋದರೂ ಸರ್ಪದ್ದು ಹೋಗಿಲ್ಲ. ಸರ್ಪಸುತ್ತು ಎದ್ದರೆ ಈಗಲೂ ಕೆಮ್ಮಣ್ಣು ಕಲಸಿ ಹಚ್ಚುವವರಿದ್ದಾರೆ. ಹಾವು ಸೊಂಟ ಸುತ್ತಿ ತಲೆ ಬಾಲ ಕೂಡಿದರೆ ಮನುಷ್ಯ ಮುಗಿದ ಎಂಬ ಹೆದರಿಕೆ ಬೇರೆ. ಪಾಪ, ಅದು ಕೂಡುವುದೇ ಕಷ್ಟ. ಚಿಕ್ಕಂದಿನಲ್ಲಿ ಸೀತಾಳೆ ಎಬ್ಬಿಸಿದ ವೈರಾಣುವೇ ನರದೊಳಗೆ ಅವಿತು ಕೂತು ವರ್ಷಗಳ ಮೇಲೆ ಎದ್ದು ಬರುವ ಆಟ ಅದು. ಸಾಮಾನ್ಯವಾಗಿ ಒಂದೇ ನರದ ದಾರಿ ಹಿಡಿದು ಬರುತ್ತದೆ; ದೇಹದ ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಇದು ನಮ್ಮ ಅಜ್ಜಿಯರ ಕಲ್ಪನೆ ಎಂದು ನಗುವ ಹಾಗೂ ಇಲ್ಲ. ಡಾಕ್ಟರು ಬರೆಯುವ ಹರ್ಪಿಸ್ ಎಂಬ ಮಾತು ಗ್ರೀಕರ 'ತೆವಳು' ಎಂಬ ಕ್ರಿಯಾಪದದಿಂದ ಬಂದದ್ದು, ನಮ್ಮ ಸರ್ಪದ ಧಾತುವಿಗೆ ಅದು ಸೋದರ. ಚೀಟಿಯ ಮೇಲೂ ಹಾವೇ ಇದೆ.

ಮೈ ನಮ್ಮದು, ಬೆವರು ನಮ್ಮದು, ತುರಿಸುವ ಉಗುರೂ ನಮ್ಮದೇ. ಆದರೆ ಎದ್ದದ್ದರ ಹೊಣೆ ಮಾತ್ರ ಹಾವಿಗೆ, ದೇವಿಗೆ, ಯಾವಳೋ ಮನಸ್ಸು ಮಾಡಿದವಳಿಗೆ. ಬ್ರಿಟಿಷರೂ ಕಡಿಮೆಯಿರಲಿಲ್ಲ. ನುಸಿ ಕಚ್ಚಿ ಬರುವ ಒಂದು ಮೊಂಡು ಹುಣ್ಣಿಗೆ ಅವರು ಬಾಗ್ದಾದ್ ಕುರು, ದಿಲ್ಲಿ ಕುರು ಎಂದು ಊರೂರಿನ ಹೆಸರಿಟ್ಟರು. ಹಳೆಯ ವೈದ್ಯ ಪುಸ್ತಕಗಳಲ್ಲಿ ಅದಕ್ಕೆ ಔರಂಗಜೇಬನ ಹೆಸರೂ ಇದೆ. 1686ರಲ್ಲಿ ಬಿಜಾಪುರವನ್ನು ಮುತ್ತಿ ಗೆದ್ದವನ ಹೆಸರು ಒಂದು ಹುಣ್ಣಿಗೆ ಬಂತೆಂದರೆ, ನಮ್ಮೂರಿನವರು ಅದನ್ನು ಓದಿ ಸ್ವಲ್ಪ ಸಮಾಧಾನಪಟ್ಟುಕೊಂಡರೆ ತಪ್ಪಿಲ್ಲ.

ಆದರೆ ಹೊಣೆ ಹೊರಿಸಿದ್ದರಲ್ಲಿ ಅತಿ ದೊಡ್ಡ ಅನ್ಯಾಯ ಹುಳಕ್ಕೆ ಮತ್ತು ಆನೆಗೆ. ತೊಡೆಸಂದಿಯಲ್ಲಿ ಉಂಗುರವಾಗಿ ಹಬ್ಬುವ ಹುಳಕಡ್ಡಿಯಲ್ಲಿ ಹುಳ ಇಲ್ಲ. ಇಂಗ್ಲಿಷಿನ ರಿಂಗ್‌ವರ್ಮ್‌ನಲ್ಲೂ ಇಲ್ಲ. ಅದೊಂದು ಬೂಷ್ಟು, ಶಿಲೀಂಧ್ರ. ಅದೇ ಹಬ್ಬಿ, ಒರಟಾಗಿ, ಅಗಲವಾದರೆ ಗಜಕರ್ಣ, ಆನೆಯ ಕಿವಿ. ಗಣೇಶನ ಹನ್ನೆರಡು ನಾಮಗಳಲ್ಲಿ ಸುಮುಖ ಮೊದಲನೆಯದು, ಗಜಕರ್ಣಕ ನಾಲ್ಕನೆಯದು. ಚವತಿಯ ದಿನ ಪೂಜೆಯಲ್ಲಿ ಈ ನಾಲ್ಕನೆಯ ಹೆಸರು ಬಂದಾಗ ನಮ್ಮ ಕಾಕಾ ಒಬ್ಬರ ಕೈ ತಾನಾಗಿಯೇ ಧೋತರದ ಕಡೆ ಹೋಗುತ್ತಿತ್ತು. ಭಕ್ತಿಯಿಂದ ಎಂದು ನಾವು ತಿಳಿದಿದ್ದೆವು.

ಕಾಕಾ ಹಚ್ಚುತ್ತಿದ್ದದ್ದು ತಗಚಿ ಬೀಜ ಅರೆದು. ಆ ಗಿಡಕ್ಕೆ ಸಂಸ್ಕೃತದಲ್ಲಿ ದದ್ರುಘ್ನ ಎಂದೇ ಹೆಸರು, ನಮ್ಮ ದದ್ದು ಈ ದದ್ರುವಿನದೇ ಕೂಸು. ಈಗಿನವರು ಅಂಗಡಿಗೆ ಹೋಗಿ, ಲಜ್ಜೆಯಿಂದ ಅತ್ತಿತ್ತ ನೋಡಿ, "ತಿಂಡಿಗೆ ಒಂದು ಟ್ಯೂಬ್ ಕೊಡ್ರಿ" ಎನ್ನುತ್ತಾರೆ. ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಬೆಂಗಳೂರಿನವರು ಇಡ್ಲಿ ಎಂದುಕೊಳ್ಳಬಾರದು. ಹಾಗೆ ಕೇಳಿ ತಂದ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದ ದಿನವೇ ತುರಿಕೆ ನಿಂತು ಹಾಯೆನಿಸುತ್ತದೆ. ಬೂಷ್ಟು ಮಾತ್ರ ಅಡಗಿದಲ್ಲೇ ಬೆಳೆದು ಮುಂದೆ ಯಾವ ಮದ್ದಿಗೂ ಸುಲಭವಾಗಿ ಬಗ್ಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶ ಮಾಡಿದೆ. ಆದ್ದರಿಂದ ಹುಳಕಡ್ಡಿ ಎನ್ನಿ, ಗಜಕರ್ಣ ಎನ್ನಿ, ಬೇಕಿದ್ದರೆ ಔರಂಗಜೇಬ ಎನ್ನಿ. ಡಾಕ್ಟರ ಮುಂದೆ ಮಾತ್ರ ನಾಚದೆ ಧೋತರ ಸರಿಸಿ ತೋರಿಸಿ.