ನಾರ್ಮಲ್ ರಿಪೋರ್ಟು: ಬಳಸುವ ಕ್ರಮ

ಹೊಸ ನಾರ್ಮಲ್ ರಿಪೋರ್ಟು ಮನೆಗೆ ತಂದಿದ್ದೀರಿ, ಸಂತೋಷ. ಇದಕ್ಕಾಗಿ ನೀವು ರಾತ್ರಿಯೆಲ್ಲ ಉಪವಾಸವಿದ್ದು, ಮೂರು ಶೀಶೆ ರಕ್ತ ಕೊಟ್ಟು, ಎಕೋ ಮಾಡುವವರ ಕೈಲಿ ಎದೆಗೆ ತಣ್ಣನೆ ಜೆಲ್ ಬಳಿಸಿಕೊಂಡು, ಟ್ರೆಡ್‌ಮಿಲ್ ಮೇಲೆ ಒಂಬತ್ತು ನಿಮಿಷ ಎಲ್ಲಿಗೂ ಹೋಗದೆ ನಡೆದಿದ್ದೀರಿ. ಬಳಸುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿ. ಓದುವಾಗ ಎಡಗೈ ಜೋಮು ಹಿಡಿದರೆ, ಅದರ ಮೇಲೆ ತಲೆಯಿಟ್ಟು ಮಲಗಿದ್ದೀರಿ ಅಂತ ಅರ್ಥ. ನೀವು ನಂಬುವುದಿಲ್ಲ, ಗೊತ್ತು.

ಚೀಲದಲ್ಲಿ ಏನೇನಿದೆ

ಜವಳಿ ಅಂಗಡಿಯ ದಪ್ಪ ಚೀಲ ಒಂದು. ಆಸ್ಪತ್ರೆಯವರು ಕೊಡುವ ಫೈಲು ನಾಲ್ಕನೆಯ ಸ್ಕ್ಯಾನಿಗೇ ಸಾಲದಾಗುತ್ತದೆ. ನಮ್ಮದು ಮಗಳ ಮದುವೆ ಸೀರೆಗಳ ಜೊತೆ ಬಂದದ್ದು. ಇಸಿಜಿ ಆರು; ಹಳೆಯವು ಮಾಸಿ ಗೆರೆಯೇ ಕಾಣುತ್ತಿಲ್ಲ, ಆದರೂ ಎಸೆಯಕೂಡದು. ಎಂಡೋಸ್ಕೋಪಿಯ ಬಣ್ಣದ ಚಿತ್ರ ನಾಲ್ಕು. ನನ್ನ ಜಠರ ಇದರಲ್ಲಿ ಬಂದಿರುವಷ್ಟು ಚೆನ್ನಾಗಿ ಆಧಾರ್ ಕಾರ್ಡಿನಲ್ಲಿ ನನ್ನ ಮುಖ ಬಂದಿಲ್ಲ.

ಮೊದಲ ಓದು

ಡಾಕ್ಟರು ಮೂವತ್ತು ಸೆಕೆಂಡಿನಲ್ಲಿ ಓದಿ ಮುಗಿಸಿದ್ದನ್ನು ನೀವು ರಾತ್ರಿ ಹನ್ನೊಂದರ ಮೇಲೆ ನಿಧಾನವಾಗಿ ಓದಬೇಕು. ಸ್ಕ್ಯಾನಿನ ಕೊನೆಯ ಸಾಲು ‘ನೋ ಸಿಗ್ನಿಫಿಕೆಂಟ್ ಅಬ್‌ನಾರ್ಮಾಲಿಟಿ’ ಅನ್ನುತ್ತದೆ. ಸಿಗ್ನಿಫಿಕೆಂಟ್ ಆದದ್ದು ಇಲ್ಲ ಅಂದಮೇಲೆ ಆಗದೆ ಇರುವುದು ಒಂದು ಇರಲೇಬೇಕಲ್ಲ? ಅದು ಎಲ್ಲಿದೆ, ನಿಮಗೇಕೆ ಹೇಳಲಿಲ್ಲ? ಅದರ ಕೆಳಗೆ ‘ಕ್ಲಿನಿಕಲಿ ಕೋರಿಲೇಟ್’ ಅಂತ ಇದೆ. ರೋಗಿಯನ್ನು ನೋಡಿ ತಾಳೆ ಹಾಕಿಕೊಳ್ಳಿ ಅಂತ ಅದು ಡಾಕ್ಟರಿಗೆ ಬರೆದದ್ದು, ಹೆಚ್ಚುಕಡಿಮೆ ಎಲ್ಲರ ರಿಪೋರ್ಟಿನಲ್ಲೂ ಇರುತ್ತದೆ. ನೀವು ಮಾತ್ರ ಅದನ್ನು ನಿಮಗೊಬ್ಬರಿಗೇ ಬರೆದ ಗುಟ್ಟಿನ ಚೀಟಿ ಎಂದು ತಿಳಿಯಿರಿ.

ಬಳಿಕ ರಕ್ತ ಪರೀಕ್ಷೆಯಲ್ಲಿ ದಪ್ಪಕ್ಷರ ಹುಡುಕಿ. ಸಿಕ್ಕೇ ಸಿಗುತ್ತದೆ, ಏಕೆಂದರೆ ಲೆಕ್ಕವೇ ಹಾಗಿದೆ. ಲ್ಯಾಬಿನವರ ಬಹುಪಾಲು ‘ನಾರ್ಮಲ್ ಮಿತಿ’ಗಳು ಹುಟ್ಟುವುದು ಹೀಗೆ: ಆರೋಗ್ಯವಾಗಿರುವ ಒಂದಷ್ಟು ಜನರನ್ನು ಪರೀಕ್ಷಿಸುತ್ತಾರೆ, ನಡುವಿನ ನೂರಕ್ಕೆ 95 ಮಂದಿಯ ಅಂಕಿಗಳನ್ನು ಒಳಗಿಟ್ಟುಕೊಳ್ಳುತ್ತಾರೆ, ಎರಡು ತುದಿಯ 5 ಮಂದಿಯನ್ನು ಹೊರಗಿಡುತ್ತಾರೆ. ಆ ಐವರಿಗೂ ಕಾಯಿಲೆಯೇನಿಲ್ಲ, ಪಂಕ್ತಿಯಲ್ಲಿ ಎಲೆ ಸಿಗಲಿಲ್ಲ ಅಷ್ಟೆ. ಹೀಗಾಗಿ ಒಂದಕ್ಕೊಂದು ನಂಟಿಲ್ಲದ 20 ಪರೀಕ್ಷೆ ಮಾಡಿಸಿದರೆ ಗುಂಡುಕಲ್ಲಿನಂಥ ಮನುಷ್ಯನಿಗೂ ಒಂದಾದರೂ ದಪ್ಪಕ್ಷರ ಬೀಳುವ ಸಂಭವ ನೂರಕ್ಕೆ 64. ನೀವು ಹಬ್ಬದ ರಿಯಾಯಿತಿಯಲ್ಲಿ ಮಾಡಿಸಿರುವುದು ಎಂಬತ್ತು ಚಿಲ್ಲರೆ.

ದಿನನಿತ್ಯದ ಬಳಕೆ

ರಿಪೋರ್ಟು ಚೆನ್ನಾಗಿ ಕೆಲಸ ಮಾಡಲು ದೇಹದಲ್ಲಿ ಸದಾ ಒಂದು ಲಕ್ಷಣ ಚಾಲ್ತಿಯಲ್ಲಿರಬೇಕು. ತಾನಾಗಿ ಬಾರದಿದ್ದರೆ ತಯಾರಿಸಿಕೊಳ್ಳಬಹುದು.

ಗಂಟಲಿಗೆ: ನೀರು ಕುಡಿಯದೆ, ಬರಿ ಉಗುಳನ್ನು ಬೆನ್ನುಬೆನ್ನಿಗೆ ಏಳೆಂಟು ಸಲ ನುಂಗಿ. ನಾಲ್ಕನೆಯದಕ್ಕೇ ಗಂಟಲು ಮೊಂಡು ಹಿಡಿಯುತ್ತದೆ. ಯಾರಿಗಾದರೂ ಹಿಡಿಯುತ್ತದೆ, ಉಗುಳು ಖಾಲಿಯಾಗಿರುತ್ತದೆ. ನೀವು ಅದನ್ನು ಗಡ್ಡೆ ಎನ್ನಬೇಕು. ಕತ್ತಿಗೆ: ದವಡೆಯ ಕೆಳಗೆ ಹುರುಳಿಕಾಳಿನಷ್ಟು ಏನೋ ಸಿಕ್ಕಿದರೆ ದಿನಕ್ಕೆ ಮೂವತ್ತು ಸಲ ಒತ್ತಿ ನೋಡಿ. ಮೂರನೆಯ ದಿನಕ್ಕೆ ನೋಯುತ್ತದೆ. ‘ನೋಡಿ, ನೋವು ಬೇರೆ ಶುರುವಾಯ್ತು’ ಎಂದು ಹೆಂಡತಿಗೆ ತೋರಿಸಿ.

ಕೈಬೆರಳಿಗೆ ಮತ್ತು ತುಟಿಗೆ: ಗಾಬರಿಯಿಂದ ಜೋರುಜೋರಾಗಿ ಉಸಿರಾಡಿ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳತುದಿ ಜುಮ್ಮೆನ್ನುತ್ತದೆ, ತುಟಿಯ ಸುತ್ತ ಮರಗಟ್ಟುತ್ತದೆ, ತಲೆ ಹಗುರಾಗುತ್ತದೆ. ಇದನ್ನು ಪಾರ್ಶ್ವವಾಯು ಎಂದು ಭಾವಿಸಿದರೆ ಉಸಿರು ಇನ್ನೂ ಜೋರಾಗುತ್ತದೆ. ಕರೆಂಟಿಲ್ಲದೆ ತಾನೇ ತಿರುಗುವ ಯಂತ್ರ ಇದೊಂದೇ ಇರಬೇಕು.

ಎದೆಯ ವಿಷಯಕ್ಕೆ ಬಂದರೆ ನಮ್ಮ ಕಡೆ ‘ಗ್ಯಾಸು’ ಎಂಬ ಒಂದೇ ಪದ ಎಲ್ಲ ಹೊಣೆಯನ್ನೂ ಹೊತ್ತುಕೊಂಡಿದೆ. ಅದು ಬೆನ್ನಿಗೆ ಹೋಗುತ್ತದೆ, ಹೆಗಲಿಗೆ ಏರುತ್ತದೆ, ತಲೆಗೂ ಹೊಡೆಯುತ್ತದೆ. ಓಮದ ನೀರಿಗೆ ಇಳಿಯದಿದ್ದರೆ ಹೃದಯ, ಇಳಿದರೆ ‘ಸದ್ಯಕ್ಕೆ’ ಗ್ಯಾಸು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹೈಪೊಕಾಂಡ್ರಿಯ ಎಂಬ ಮಾತಿಗೆ ಗ್ರೀಕಿನಲ್ಲಿದ್ದ ಅರ್ಥ ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಜಾಗ ಅಂತಷ್ಟೇ. ನಮ್ಮ ಗ್ಯಾಸು ವಾಸವಿರುವುದೂ ಅಲ್ಲೇ.

ಎಚ್ಚರಿಕೆ: ಮುಂದಿನ ಸಾಲನ್ನು ಮಲಗುವ ಮುಂಚೆ ಓದಬೇಡಿ. ಫ್ರಾನ್ಸಿನ ನಾಟಕಕಾರ ಮೋಲಿಯೇರ್ 1673ರ ಫೆಬ್ರವರಿಯಲ್ಲಿ, ತನಗಿಲ್ಲದ ಕಾಯಿಲೆಗಳನ್ನೆಲ್ಲ ಇದೆ ಎಂದುಕೊಳ್ಳುವವನ ಪಾತ್ರ ಮಾಡುತ್ತಾ ನಾಲ್ಕನೆಯ ಪ್ರದರ್ಶನದಲ್ಲಿ ರಂಗದ ಮೇಲೆಯೇ ಅಸ್ವಸ್ಥನಾಗಿ, ಅದೇ ರಾತ್ರಿ ತೀರಿಕೊಂಡ. ನಮ್ಮಂಥವರು ವಾದದಲ್ಲಿ ಸೋಲುವಾಗ ಮೊದಲು ತೆಗೆಯುವ ಅಸ್ತ್ರ ಇದು. ಅವನಿಗೆ ವರ್ಷಗಳಿಂದ ಎದೆಯ ಕಾಯಿಲೆ ನಿಜವಾಗಿಯೇ ಇತ್ತು ಎಂಬುದನ್ನು ನಾವು ಹೇಳುವುದಿಲ್ಲ.

ಗ್ಯಾರಂಟಿ

ಮುಂದಿನ ಸಾವಿನ ಸುದ್ದಿಯವರೆಗೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ಕರ್ನಾಟಕದಲ್ಲಿದ್ದ ಗ್ಯಾರಂಟಿಗಳೆಲ್ಲ ಒಂದೇ ಮಧ್ಯಾಹ್ನ ರದ್ದಾದವು. ಜಿಮ್ಮಿಗೆ ಹೋಗುತ್ತಿದ್ದವರದ್ದು ಮೊದಲು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಟೀವಿಯಲ್ಲಿ ಸಾಲುಗಟ್ಟಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನವೂ ಸಾಲುಗಟ್ಟಿದರು. ನಾನು ನಕ್ಕೆ. ಮಾರನೆಯ ವಾರ ನನ್ನ ಆರನೆಯ ಇಸಿಜಿ ಆಯಿತು.

ದೋಷ ಪರಿಹಾರ

ದೋಷ ಒಂದೇ: ಡಾಕ್ಟರು ‘ಏನೂ ಇಲ್ಲ’ ಅನ್ನುತ್ತಾರೆ. ಬಿಲ್ಲು ಕೊಟ್ಟು ಹೊರಗೆ ಬರುವಷ್ಟು ಹೊತ್ತು ಹಕ್ಕಿಯಂತಿರುತ್ತೀರಿ. ಸ್ಕೂಟರಿನ ಹತ್ತಿರ ಬರುವಾಗ ಎಡ ಎದೆಯಲ್ಲಿ ಮತ್ತೆ ಚುಳುಕ್. ಏನೂ ಇಲ್ಲದಿದ್ದರೆ ಈಗ ನೋಯುತ್ತಿರುವುದು ಯಾರಿಗೆ? ಈ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಎರಡು ವರ್ಷ ಮೂರು ಆಸ್ಪತ್ರೆ ತಿರುಗಿದೆ. ನಮ್ಮಪ್ಪ ಹೋದದ್ದು ಐವತ್ತೆರಡಕ್ಕೆ, ನನಗೆ ಆಗ ಐವತ್ತೊಂದು ಎಂಬುದನ್ನು ಯಾವ ಫಾರಂ ಕೂಡ ಆ ರೀತಿಯಲ್ಲಿ ಕೇಳಿರಲಿಲ್ಲ.

ಕೊನೆಗೆ ನಮ್ಮ ಬಡಾವಣೆಯ ವಯಸ್ಸಾದ ಡಾಕ್ಟರು ಚೀಲವನ್ನೆಲ್ಲ ಟೇಬಲ್ಲಿಗೆ ಸುರಿದು ನೋಡಿ ಅಂದರು: ‘ನೋವು ಸುಳ್ಳು ಅಂತ ಯಾರಂದ್ರು? ನಾಯಿ ಬೊಗಳ್ತಿರೋದು ನಿಜ. ಕಳ್ಳ ಬಂದಿಲ್ಲ, ಅಷ್ಟೇ. ಬೊಗಳಿದಾಗಲೆಲ್ಲ ನೀವು ಟಾರ್ಚ್ ಹಿಡ್ಕೊಂಡು ಎದ್ದು ಹೋದ್ರೆ ಅದಕ್ಕೂ ಅದೇ ಅಭ್ಯಾಸ ಆಗುತ್ತೆ.’ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ, ಸುಮ್ಮನೆ ತೂಕ ಇಳಿದರೆ, ಹೊಸದೇನಾದರೂ ಕಂಡರೆ ತಡಮಾಡದೆ ಬರಬೇಕು. ಉಳಿದಂತೆ ಎರಡು ತಿಂಗಳಿಗೊಮ್ಮೆ, ನೋವಿದ್ದರೂ ಸರಿ ಇಲ್ಲದಿದ್ದರೂ ಸರಿ, ಹೇಳಿದ ತಾರೀಖಿಗೇ ಬರಬೇಕು. ಹುಷಾರಾಗಿರುವಾಗ ಡಾಕ್ಟರ ಮುಂದೆ ಕೂತು ಏನು ಮಾತಾಡುವುದು ಎಂದು ನನಗೆ ಮೊದಲ ಸಲ ತಿಳಿಯಲಿಲ್ಲ. ಅವರು ಅಪ್ಪನ ವಿಷಯ ಕೇಳಿದರು.

ಕೆಡದಂತೆ ಇಡುವುದು

ಚೀಲವನ್ನು ಬೀರುವಿನಲ್ಲಿ, ಕೈಗೆ ಎಟುಕುವ ಎತ್ತರದಲ್ಲಿಡಿ. ನನ್ನದು ಸಂಕ್ರಾಂತಿಯ ಹಿಂದಿನ ವಾರ ಕಾಣೆಯಾಗಿತ್ತು. ಕೇಳಿದರೆ ಅಡುಗೆಮನೆಯಿಂದ ಉತ್ತರ ಬಂತು: ‘ಪೇಪರೆಲ್ಲ ಫ್ರಿಜ್ ಮೇಲಿದೆ ರೀ. ಅವರೆಕಾಯಿ ತರಕ್ಕೆ ಗಟ್ಟಿ ಚೀಲ ಬೇಕಿತ್ತು. ಐದು ಕೆಜಿ ಇದೆ, ಬನ್ನಿ ಈ ಕಡೆ.’ ಪೇಪರ್ ಹಾಸಿ ಇಬ್ಬರೂ ಬಿಡಿಸಲು ಕೂತೆವು. ಹುಳ ಇರುವ ಕಾಯಿ ಆ ಕಡೆ, ಕಾಳು ಈ ಕಡೆ. ರಾತ್ರಿ ಎಂಟೂವರೆಗೆ ಮುಗಿಯಿತು. ಎರಡೂ ಕೈಗೆ ಸೊಗಡಿನ ಅಂಟು ಹತ್ತಿ, ನಾಡಿ ಹಿಡಿಯುವ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿತಕುವುದು ನಾಳೆಗೆ ಅಂದಳು.