ಎಂಜಿನ್ ಬದಲಾಯಿಸಿದ ಮೇಲೆ ಓದತಕ್ಕ ಕೈಪಿಡಿ (ಗೋವಾ ಆವೃತ್ತಿ)

ಅಭಿನಂದನೆಗಳು. ನಿಮ್ಮ ಹಳೆಯ ಮಾರುತಿ 800ಕ್ಕೆ ಬೇರೆ ಎಂಜಿನ್ ಕೂತಿದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದ್ದರಿಂದ ನಿಮ್ಮ ‘ಹೊಸ’ ಎಂಜಿನ್ ಬಹುಶಃ ಇನ್ನೊಂದು ಕಾರಿನ ಹೊಟ್ಟೆಯಿಂದ ಬಂದದ್ದು. ಮನೆಯವರಿಗೆ ಇದನ್ನು ಇವತ್ತೇ ಹೇಳಬೇಕೆಂದಿಲ್ಲ.

ಲಕ್ಷಣ ಒಂದು: ಗಾಡಿ ಮೊದಲಿನಂತೆಯೇ ನರಳುತ್ತದೆ. ಗ್ಯಾರೇಜಿಗೆ ಹೋಗಿ. ವಾಸ್ಕೋ, ಬೈನಾ, ಝುವಾರಿನಗರದ ಕಡೆಯ ಗ್ಯಾರೇಜಾದರೆ ಕೊಂಕಣಿ ಬೇಕಾಗಲಿಕ್ಕಿಲ್ಲ, ಉತ್ತರ ಸಿಕ್ಕುವುದೇ ವಿಜಯಪುರದ ಕನ್ನಡದಲ್ಲಿ: “ಸ್ವಲ್ಪ ಓಡಸ್ರೀ ಸಾಹೇಬ್ರ, ಸೆಟ್ ಆಗ್ತದ.” ಎಂಜಿನ್ ಸೆಟ್ ಆದೀತು. ಬಿಗಿ ಮಾಡದೆ ಬಿಟ್ಟ ನಟ್ಟು ಓಡಿಸಿದಷ್ಟೂ ಸಡಿಲವಾಗುತ್ತದೆ. ಇಳಿಸಿ ಹಾಕಿದ್ದು ಎಂಜಿನ್ ಒಂದನ್ನೇ ಎಂಬುದು ನೆನಪಿರಲಿ. ರೇಡಿಯೇಟರು, ಹೋಸ್ ಪೈಪು, ವೈರಿಂಗ್, ಮೌಂಟಿಂಗ್ ರಬ್ಬರು ಎಲ್ಲವೂ ಹಳೆಯವು, ಹಳೆಯ ಸಿಟ್ಟನ್ನೂ ಉಳಿಸಿಕೊಂಡಂಥವು.

ಲಕ್ಷಣ ಎರಡು: ಬ್ಯಾಟರಿ ಹೊಸದು, ಸ್ಟಾರ್ಟರ್ ಮಾತ್ರ ತಿಣುಕುತ್ತದೆ. ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಮಾಲೀಕರು ಸ್ಟಾರ್ಟರ್ ಬದಲಿಸುತ್ತಾರೆ, ಆಮೇಲೆ ಇನ್ನೊಂದು ಬ್ಯಾಟರಿ ತರುತ್ತಾರೆ, ಆಮೇಲೆ ದೇವಸ್ಥಾನಕ್ಕೆ ಹೋಗುತ್ತಾರೆ. ನಿಜವಾದ ಕಳ್ಳನೆಂದರೆ ಅರ್ಥಿಂಗ್ ಪಟ್ಟಿ. ಎಂಜಿನ್ನಿಗೂ ಬಾಡಿಗೂ ನಡುವಿನ ಈ ಪಟ್ಟಿಯನ್ನು ಎಂಜಿನ್ ಇಳಿಸುವಾಗ ಬಿಚ್ಚಿರುತ್ತಾರೆ. ಏರಿಸುವಾಗ ಮರೆತಿರುತ್ತಾರೆ, ಇಲ್ಲವೇ ತುಕ್ಕಿನ ಮೇಲೆಯೇ ಬೋಲ್ಟು ಕೂರಿಸಿರುತ್ತಾರೆ. ಗೋವಾದ ಉಪ್ಪುಗಾಳಿಗೆ ಅಂಥ ಜಾಗವೆಂದರೆ ಹಬ್ಬ. ದಾರಿ ಕಾಣದ ಕರೆಂಟು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹೊರಡುತ್ತದೆ, ಕೇಬಲ್ ಬಿಸಿಯಾಗುತ್ತದೆ. ಪರೀಕ್ಷೆ ಸುಲಭ: ಗೇರು ನ್ಯೂಟ್ರಲ್‌ಗೆ ಹಾಕಿ, ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿನ ಬರಿ ಲೋಹಕ್ಕೆ ಒಂದು ಜಂಪರ್ ಕೇಬಲ್ ಕಚ್ಚಿಸಿ, ಕೀ ತಿರುಗಿಸಿ. ಸ್ಟಾರ್ಟರ್ ಗರ್ರೆಂದು ತಿರುಗಿತೋ, ರೋಗ ಸಿಕ್ಕಿತು. ಪಟ್ಟಿ ಕೂರುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಬಿಗಿದರೆ ಮುಗಿಯಿತು.

ಲಕ್ಷಣ ಮೂರು: ಮೊಲೆಮ್ ದಾಟಿ ಅನಮೋಡ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ನಿಮಗಿಂತ ಮುಂದೆ ಬೆಳಗಾವಿಗೆ ಹೊರಡುತ್ತದೆ. ಕೂಲಂಟಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ಪೂರಾ ತಣ್ಣಗಿರುವಾಗ ಗಾಡಿಯ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಕೂಲಂಟ್ ತುಂಬಿಸಿ. ಬಿಸಿ ಎಂಜಿನ್ನಿನ ಮುಚ್ಚಳ ಮುಟ್ಟಬೇಡಿ. ಈ ಸಾಲಿನಲ್ಲಿ ತಮಾಷೆ ಇಲ್ಲ.

ಐಡ್ಲಿಂಗ್ ತಾನಾಗಿ ಏರಿ ಇಳಿಯುತ್ತಿದ್ದರೆ ಬಿಟ್ಟುಹೋದ ವ್ಯಾಕ್ಯೂಮ್ ಪೈಪು ಹುಡುಕಿ. ಕ್ಲಚ್ ಬಿಟ್ಟಾಗ ಧಡ್ ಎಂದರೆ ಮೌಂಟಿಂಗ್. ಸುಮ್ಮನೆ ಅಲುಗಾಡಿದರೆ ಅದು ಮೂರು ಸಿಲಿಂಡರಿನ ಹುಟ್ಟುಗುಣ, ದೂರು ಸ್ವೀಕರಿಸಲಾಗುವುದಿಲ್ಲ.

ಗಾಡಿ ಸರಿಹೋದರೂ ಆರ್‌ಸಿಯಲ್ಲಿ ಹಳೆಯ ಎಂಜಿನ್ ನಂಬರೇ ಇರುತ್ತದೆ. ಎಂಜಿನ್ ಬದಲಾದದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಅದಕ್ಕೆ ಎಂಜಿನ್ ಯಾವ ಕಾರಿನದು ಎಂಬುದಕ್ಕೆ ಕಾಗದ ಬೇಕು. ಬಿಲ್ಲು ಕೊಡದವನು ಎಷ್ಟೇ ಅಗ್ಗಕ್ಕೆ ಕೊಟ್ಟರೂ, ದಯವಿಟ್ಟು ಅವನ ಎಂಜಿನ್ ಕೊಳ್ಳಬೇಡಿ.